ಮಂದಾ ಹೊರಗೆ ಕೂತ ತಿಂಗಳುಗಳು

ನಿವೃತ್ತಳಾದ ಮೇಲೆ ನನ್ನನ್ನು ಅಲ್ಲಿ ಇಲ್ಲಿ ಮಾತಾಡಲು ಕರೆಯುತ್ತಾರೆ. ಮಾತು ಮುಗಿದ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರೋ ನರ್ಸೋ ಚಹಾದ ಕಪ್ಪು ಹಿಡಿದುಕೊಂಡು ಹತ್ತಿರ ಬಂದು, ಸ್ವಲ್ಪ ಸಂಕೋಚಪಟ್ಟು, ಅದೇ ಪ್ರಶ್ನೆ ಕೇಳುತ್ತಾರೆ. ಇಷ್ಟು ವರ್ಷ ಗರ್ಭಪಾತದ ಕಾಗದಗಳಿಗೆ ಸಹಿ ಹಾಕಿದಿರಲ್ಲ, ಮನಸ್ಸಿಗೆ ಏನೂ ಅನಿಸುವುದಿಲ್ಲವೇ? ಅನಿಸುವುದಿಲ್ಲ. ಬೇಡವೆಂದು ಬಂದವಳಿಗೆ ನೆರವಾದೆ, ಅವಳು ತನ್ನ ಮನೆಗೆ ಹೋದಳು, ನಾನು ನನ್ನ ಮನೆಗೆ ಹೋಗಿ ಉಂಡು ಮಲಗಿದೆ. ಆದರೆ ಒಬ್ಬಳು ನೆನಪಾದ ರಾತ್ರಿ ಇವತ್ತಿಗೂ ಎದ್ದು ಕೂರುತ್ತೇನೆ. ಅವಳು ನನ್ನ ಬಾಗಿಲು ತಟ್ಟಿದ್ದು ಬಸಿರನ್ನು ತೆಗೆಸಿಕೊಳ್ಳಲು ಅಲ್ಲ, ಉಳಿಸಿಕೊಳ್ಳಲು.

ಅವಳನ್ನು ಮಂದಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಬರೆಯಲೇ ಎಂದು ಕೇಳಿದಾಗ, "ಬರೀರಿ ಅಕ್ಕಾ. ಹುಡುಗ್ಯಾರು ಓದ್ಲಿ" ಎಂದಳು. ಆಮೇಲೆ, "ಹುಡುಗ್ರೂ ಓದ್ಲಿ" ಎಂದಳು.

ನಾನು ಧಾರವಾಡದವಳು. ಎಂಬತ್ತರ ದಶಕದ ಕೊನೆಯಲ್ಲಿ ಗಂಡನ ನೌಕರಿಯ ಬೆನ್ನು ಹತ್ತಿ ಲಂಡನ್ನಿಗೆ ಬಂದೆ. ಹೆರಿಗೆ ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆಗೆ ಹೋಗುವ ಆಸೆ ಇತ್ತು. ಎರಡು ಸಣ್ಣ ಮಕ್ಕಳ ತಾಯಿಗೆ ಸಿಕ್ಕಿದ್ದು ಪೂರ್ವ ಲಂಡನ್ನಿನ ಒಂದು ಕುಟುಂಬ ಯೋಜನೆ ಕ್ಲಿನಿಕ್ಕು, ವಾರಕ್ಕೆ ಮೂರು ದಿನ. ಹೋಗಲಿ ಬಿಡಿ, ಬಡ್ತಿಯ ಕಥೆ ಹೇಳಲು ಕೂತಿಲ್ಲ. ಹೋದ ಮೊದಲ ವಾರವೇ ಕಲಿತ ಪಾಠ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಇಂಗ್ಲೆಂಡಿನಲ್ಲಿ ಹೆಂಗಸು ಕೇಳಿದ ತಕ್ಷಣ ಗರ್ಭಪಾತ ಮಾಡುತ್ತಾರೆ ಎಂದು ನಮ್ಮ ಜನ ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಬಸಿರು ಮುಂದುವರಿದರೆ ಈಕೆಯ ದೇಹಕ್ಕೋ ಮನಸ್ಸಿಗೋ ಹೆಚ್ಚಿನ ಹಾನಿ ಎಂದು ಇಬ್ಬರು ಡಾಕ್ಟರು ಪ್ರಾಮಾಣಿಕವಾಗಿ ಅಭಿಪ್ರಾಯಪಟ್ಟು ಸಹಿ ಹಾಕಬೇಕು. ಅದೂ ಇಪ್ಪತ್ನಾಲ್ಕು ವಾರದ ಒಳಗೆ. ಆ ಗಡಿ ದಾಟಿದರೆ ತಾಯಿಯ ಜೀವಕ್ಕೆ ಕುತ್ತು ಎಂಬಂಥ ಕೆಲವೇ ಕಾರಣಗಳು ಉಳಿಯುತ್ತವೆ. ಹೆಂಗಸಿಗೆ ಏನು ಬೇಕು ಎಂಬ ಪ್ರಶ್ನೆಯೇ ಆ ಕಾಗದದಲ್ಲಿ ಇಲ್ಲ. ನನಗೆ ಇದರ ಮೇಲೆ ಬಹಳ ಸಿಟ್ಟಿತ್ತು. ಅವಳ ಹೊಟ್ಟೆ, ನನ್ನ ಅಭಿಪ್ರಾಯ, ಇದೆಂಥ ನ್ಯಾಯ ಎಂದು ಊಟದ ಬಿಡುವಿನಲ್ಲಿ ಕೂಗಾಡುತ್ತಿದ್ದೆ.

ನನ್ನ ಕೂಗಾಟವನ್ನು ಕೇಳಿಸಿಕೊಳ್ಳುತ್ತಿದ್ದವರು ಸಿಸ್ಟರ್ ಬ್ರಿಜೆಟ್, ಕ್ಲಿನಿಕ್ಕಿನ ಹಿರಿಯ ನರ್ಸ್. ಐರ್ಲೆಂಡಿನವರು, ಭಾನುವಾರ ಚರ್ಚು ತಪ್ಪಿಸಿದವರಲ್ಲ. ಮನಸ್ಸಾಕ್ಷಿಗೆ ಒಪ್ಪದವರು ಗರ್ಭಪಾತದ ಕೆಲಸದಿಂದ ದೂರ ಇರಬಹುದು ಎಂದು ಕಾನೂನಿನಲ್ಲೇ ಇದೆ, ಅವರು ದೂರ ಇದ್ದರು. ಆ ಕಾಗದವನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕೂಡ ಸರಿಸುತ್ತಿರಲಿಲ್ಲ. ಆದರೆ ಅವರ ಊರಿನ ಕಡೆಯಿಂದ ಹುಡುಗಿಯರು ಬರುತ್ತಿದ್ದರು. ಅಲ್ಲಿ ಆಗ ಗರ್ಭಪಾತ ಅಪರಾಧ, ಹಾಗಾಗಿ ಒಂದು ಸಣ್ಣ ಚೀಲ ಹಿಡಿದು, ರಾತ್ರಿಯೆಲ್ಲ ಹಡಗಿನಲ್ಲಿ ಕೂತು, ಲಂಡನ್ನಿನಲ್ಲಿ ಶಾಪಿಂಗ್ ಎಂದು ಮನೆಯಲ್ಲಿ ಸುಳ್ಳು ಹೇಳಿ ಬರುವವರು. ಅವರನ್ನು ಕೂರಿಸಿ, ಸಕ್ಕರೆ ಹೆಚ್ಚಾಗಿ ಹಾಕಿದ ಚಹಾ ಕೊಟ್ಟು, ಬಿಸಿನೀರಿನ ಚೀಲ ತುಂಬಿ ಹೊಟ್ಟೆಯ ಮೇಲಿಡುತ್ತಿದ್ದವರು ಇದೇ ಬ್ರಿಜೆಟ್. ಗೇಟಿನ ಮುಂದೆ ಜಪಮಣಿ ಹಿಡಿದು ನಿಲ್ಲುತ್ತಿದ್ದ ಒಬ್ಬ ಮುದುಕನಿಗೆ ಒಮ್ಮೆ, "ನಿನ್ನ ಪ್ರಾರ್ಥನೆ ದೇವರಿಗೆ ಚರ್ಚಿನಿಂದಲೂ ಕೇಳಿಸುತ್ತದೆ, ಹುಡುಗಿಯರ ದಾರಿ ಬಿಡು" ಎಂದು ಗದರಿದ್ದನ್ನು ನಾನೇ ನೋಡಿದ್ದೇನೆ. ಚರ್ಚೆಯ ಆ ಕಡೆಯವರು ರಾಕ್ಷಸರು, ಈ ಕಡೆಯವರು ದೇವತೆಗಳು ಎಂದು ಯಾರಾದರೂ ಹೇಳಿದರೆ ನನಗೆ ಬ್ರಿಜೆಟ್ ನೆನಪಾಗುತ್ತಾರೆ.

ಕೆಲಸದ ರೀತಿಯೂ ಬದಲಾಯಿತು. ನಾನು ಸೇರಿದಾಗ ಎಲ್ಲದಕ್ಕೂ ಆಪರೇಷನ್ ಥಿಯೇಟರ್, ಅರಿವಳಿಕೆ. ತೊಂಬತ್ತರ ದಶಕದ ಆರಂಭದಲ್ಲಿ ಮಾತ್ರೆ ಬಂತು. ಎಂಥ ಸಂತೋಷಪಟ್ಟೆವು. ಆದರೆ ಒಂದೆರಡು ದಿನ ಬಿಟ್ಟು ಕೊಡುವ ಎರಡನೆಯ ಮಾತ್ರೆಯನ್ನೂ ಕ್ಲಿನಿಕ್ಕಿಗೇ ಬಂದು ತೆಗೆದುಕೊಳ್ಳಬೇಕು ಎಂದು ಕಾನೂನು. ತೆಗೆದುಕೊಂಡು ಬಸ್ಸು ಹತ್ತಿದವಳಿಗೆ ದಾರಿಯಲ್ಲೇ ಹೊಟ್ಟೆನೋವು ಶುರುವಾಗುತ್ತಿತ್ತು. ಮನೆಯಲ್ಲೇ ನುಂಗಲಿ ಎಂದು ಬಿಡಲು ಸರ್ಕಾರಕ್ಕೆ ನಾನು ನಿವೃತ್ತಳಾದ ಮೇಲೂ ಎಷ್ಟೋ ವರ್ಷ ಬೇಕಾಯಿತು.

ಇನ್ನು ನಮ್ಮ ಜನರ ವಿಷಯ. ವೆಂಬ್ಲಿಯ ಒಂದು ಹಾಲ್‌ನಲ್ಲಿ ಲಂಡನ್ನಿನ ಕನ್ನಡದವರು ಸತ್ಯನಾರಾಯಣ ಪೂಜೆಗೆ ಸೇರಿದ್ದಾಗ, ಹೆಂಗಸರಿಗೆ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳು ಎಂದರು. ನಾನು ಆಗ ಹೊಸ ಉತ್ಸಾಹದವಳು. ನಿರೋಧ್ ಹಾಕುವುದು ಹೇಗೆಂದು ಬಾಳೆಹಣ್ಣಿನ ಮೇಲೆ ತೋರಿಸಿಯೇಬಿಟ್ಟೆ. ಮುಂದಿನ ಸಾಲಿನಿಂದ ಒಂಬತ್ತು ಗಜದ ಸೀರೆಯುಟ್ಟ ಹಿರಿಯ ಹೆಂಗಸೊಬ್ಬರು ಎದ್ದು ನಿಂತರು.

"ಡಾಕ್ಟರಬಾಯಿ, ಆ ಬಾಳಿಹಣ್ಣು ನೈವೇದ್ಯದ ಗೊನಿಯೊಳಗಿಂದಂತೂ ತೊಗೊಂಡಿಲ್ಲಲ್ಲ?"

ತೆಗೆದುಕೊಂಡಿದ್ದೆ. ಹೌದೆಂದು ಒಪ್ಪಿಕೊಂಡೆ. ಆ ಹೆಂಗಸು ಕೂತರು, ಪ್ರಸಾದದ ಬಾಳೆಹಣ್ಣನ್ನು ಮಾತ್ರ ಆ ದಿನ ಯಾರೂ ಮುಟ್ಟಲಿಲ್ಲ. ಅವರು ಕೃಷ್ಣಾಬಾಯಿ, ಮಂದಾಳ ಅತ್ತೆ. ಗಂಡ ತೀರಿಹೋದ ಮೇಲೆ ಆರು ತಿಂಗಳು ಧಾರವಾಡ, ಆರು ತಿಂಗಳು ಪೂರ್ವ ಲಂಡನ್ನಿನ ಇಲ್ಫರ್ಡಿನಲ್ಲಿ ಮಗನ ಮನೆ. ಟ್ಯೂಬ್ ರೈಲಿನಲ್ಲಿ ಹೋಗಿಬಂದರೆ ಮೈಲಿಗೆ ಎಂದು ತಲೆಗೆ ನೀರು ಹಾಕಿಕೊಂಡೇ ಅಡುಗೆಮನೆಗೆ ಹೋಗುವವರು. ಆ ದಿನದಿಂದ ಅವರನ್ನು ಕಂಡರೆ ನನಗೆ ಒಂದು ಬಗೆಯ ಹೆದರಿಕೆ, ಒಂದು ಬಗೆಯ ಉರಿ.

ಅವರ ಮಗ ಶ್ರೀಪಾದ ನನಗಿಂತ ಹದಿನೈದು ವರ್ಷ ಚಿಕ್ಕವನು, ಅರಿವಳಿಕೆ ವಿಭಾಗದಲ್ಲಿ ತರಬೇತಿಯ ಡಾಕ್ಟರು. ಆ ತರಬೇತಿಯೇ ಹಾಗೆ, ಕೆಲ ತಿಂಗಳು ಒಂದು ಊರು, ಮತ್ತೆ ಕೆಲ ತಿಂಗಳು ಇನ್ನೊಂದು ಊರು. ಹೆಂಡತಿ ಮಕ್ಕಳನ್ನು ಇಲ್ಫರ್ಡಿನಲ್ಲಿ ಬಿಟ್ಟು ದೂರದ ಆಸ್ಪತ್ರೆಯ ಕೋಣೆಯಲ್ಲಿರುತ್ತಿದ್ದ. ಮೃದು ಮಾತು, ಕಾರ್ಯಕ್ರಮಗಳಲ್ಲಿ ದಾಸರ ಪದ ಹೇಳಿದರೆ ಹಿರಿಯರ ಕಣ್ಣಲ್ಲಿ ನೀರು. ನಮ್ಮ ಊರ ಹುಡುಗ, ನಮ್ಮ ವೃತ್ತಿಯವನು, ನಮ್ಮವನು ಎಂದು ನಮಗೆಲ್ಲ ಹೆಮ್ಮೆ.

ತೊಂಬತ್ತರ ದಶಕದ ನಡುವೆ ಒಂದು ದಿನ ಅವನು ಮಂದಾಳನ್ನು ಕ್ಲಿನಿಕ್ಕಿಗೆ ಕರೆತಂದ. ಬೇಸಿಗೆ ರಜೆಗೆ ಎಲ್ಲರೂ ಧಾರವಾಡಕ್ಕೆ ಹೋಗಿ ಅದೇ ತಾನೆ ಬಂದಿದ್ದರು. ಎರಡು ಹೆಣ್ಣುಮಕ್ಕಳಿದ್ದರು, ಇದು ಮೂರನೆಯ ಬಸಿರು, ನಾಲ್ಕು ತಿಂಗಳ ಹತ್ತಿರ. ನಿಯಮದಂತೆ ಅವನನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಒಳಗೆ ಕರೆದೆ. ಹೊರಗೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ, ಚಹಾ ಬಿಸ್ಕೀಟು ಕೊಟ್ಟು.

"ಇದು ನಿಂದೇ ಇಚ್ಛಾ ಏನು ಮಂದಾ?"

"ಹೌದ್ರಿ ಅಕ್ಕಾ. ಅವರು ಊರೂರು ತಿರಗ್ತಾರ. ಇನ್ನೊಂದು ಆದ್ರ ನನ್ನ ಕೈಲೆ ನೀಗೂದಿಲ್ಲ."

"ಯಾರರ ಒತ್ತಾಯ ಮಾಡ್ಯಾರೇನು?"

"ಇಲ್ರಿ."

ಕೇಳಬೇಕಾದದ್ದನ್ನೆಲ್ಲ ಕೇಳಿದೆ. ಸಹಿ ಹಾಕಿದೆ, ಇನ್ನೊಬ್ಬ ಡಾಕ್ಟರೂ ಹಾಕಿದರು. ಕಾಯುವಾಗ ಮಂದಾಳನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದ್ದ ಸಿಸ್ಟರ್ ಬ್ರಿಜೆಟ್, ಅವರು ಹೋದ ಮೇಲೆ, "ಆ ಹುಡುಗಿ ಶಾಲೆಯ ಪಾಠ ಒಪ್ಪಿಸಿದ ಹಾಗೆ ಮಾತಾಡಿದಳು" ಎಂದರು. ಅವರಿಗೆ ಹೇಗೂ ಎಲ್ಲ ಗರ್ಭಪಾತವೂ ತಪ್ಪೇ, ಇದರಲ್ಲಿ ಹೊಸದೇನು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೊಳಗೆ ಅನುಮಾನ ನನಗೂ ಇತ್ತು, ಆದರೆ ಅದು ಪೂರ್ತಿ ಕೃಷ್ಣಾಬಾಯಿಯ ಮೇಲೆ. ಮೊಮ್ಮಗ ಬೇಕೆಂದು ಆ ಮುದುಕಿಯೇ ಏನೋ ಹಚ್ಚಿರಬೇಕು ಎಂದುಕೊಂಡೆ. ಶ್ರೀಪಾದನ ಮೇಲೆ ಒಂದು ಎಳೆಯಷ್ಟೂ ಅನುಮಾನ ಬರಲಿಲ್ಲ.

ಮುಂದಿನ ವರ್ಷ ಚಳಿಗಾಲ. ಮಂದಾ ಒಬ್ಬಳೇ ಬಸ್ಸಿನಲ್ಲಿ ಬಂದಳು, ಮಕ್ಕಳನ್ನು ಶಾಲೆಗೆ ಬಿಟ್ಟು, ಅತ್ತೆಗೆ ತರಕಾರಿ ತರುತ್ತೇನೆಂದು ಹೇಳಿ. ದೊಡ್ಡ ಕೋಟು ಬಿಚ್ಚಲಿಲ್ಲ. ಕೂತವಳೇ, "ಅಕ್ಕಾ, ತೆಗಸಲಿಕ್ಕೆ ಬಂದಿಲ್ಲ" ಎಂದಳು. ಆಮೇಲೆ ಕೇಳಿದಳು, "ಎಷ್ಟು ವಾರ ಆದ ಮ್ಯಾಲೆ ಯಾರೂ ಕೈ ಹಚ್ಚೂಹಂಗಿಲ್ಲ?"

ಇಪ್ಪತ್ನಾಲ್ಕು ಎಂದೆ. ಅವಳಿಗೆ ಆಗ ಹದಿನಾರರ ಆಸುಪಾಸು. ಬೆರಳು ಮಡಿಸಿ ಎಣಿಸಿದಳು, ಮುಖದಲ್ಲಿ ಸ್ವಲ್ಪ ಗೆಲುವು ಕಾಣಿಸಿತು. ಆಮೇಲೆ ಎಲ್ಲ ಹೇಳಿದಳು. ಹಿಂದಿನ ವರ್ಷ ಊರಿಗೆ ಹೋದಾಗ ಶ್ರೀಪಾದ ತನ್ನ ಗೆಳೆಯನೊಬ್ಬನ ಬಳಿ ಸ್ಕ್ಯಾನ್ ಮಾಡಿಸಿದ್ದ. ಹೇಳಬಾರದ್ದನ್ನು ಆ ಗೆಳೆಯ ಹೇಳಿದ್ದ, ಹೆಣ್ಣು ಎಂದು. ವಿಮಾನದಲ್ಲಿ ಬರುವಾಗಲೇ ನನ್ನ ಮುಂದೆ ಏನು ಹೇಳಬೇಕೆಂದು ಮಂದಾಳಿಗೆ ಪಾಠವಾಗಿತ್ತು. ಮನೆಯಲ್ಲಿ ಅತ್ತೆಗೆ ಹೇಳಿದ್ದು, ಬಸಿರು ತಾನೇ ಇಳಿದುಹೋಯಿತು ಎಂದು.

ಈ ಸಲ ಅವಳು ಯಾರಿಗೂ ಹೇಳಿರಲಿಲ್ಲ. ಹೇಗೆ ಮುಚ್ಚಿಟ್ಟಿದ್ದಳು ಎಂಬುದನ್ನು ಕೇಳಿ ನಾನು ದಂಗಾದೆ. ಅತ್ತೆ ಬಂದರೆ ಆ ಮನೆಯಲ್ಲಿ ಪೂರ್ತಿ ಮಡಿ. ಮುಟ್ಟಾದಾಗ ಸೊಸೆ ಮೂರು ದಿನ ಹೊರಗೆ ಕೂರಬೇಕು. ಇಲ್ಫರ್ಡಿನ ಸಾಲುಮನೆಯಲ್ಲಿ ಹೊರಗೆ ಎಲ್ಲಿಂದ ಬರಬೇಕು? ಮಹಡಿಯ ಮೇಲೆ ಪೆಟ್ಟಿಗೆ ಇಡುವ ಬಾಕ್ಸ್ ರೂಮೇ ಹೊರಗು. ಮಂದಾ ತಿಂಗಳು ತಿಂಗಳು, ಶ್ರೀಪಾದ ಆಸ್ಪತ್ರೆಯ ಊರಿನಿಂದ ಬರುವ ಶನಿವಾರ ನೋಡಿಕೊಂಡು, ಬಾಕ್ಸ್ ರೂಮಿನಲ್ಲಿ ಚಾಪೆ ಹಾಸಿ ಕೂತುಬಿಡುತ್ತಿದ್ದಳು. ಅತ್ತೆ ಬಾಗಿಲ ಸಂದಿಯಿಂದ ಊಟದ ತಾಟು ಸರಿಸುತ್ತಿದ್ದರು. ಗಂಡ ಹತ್ತಿರ ಸುಳಿಯುವ ಹಾಗಿಲ್ಲ. ಮುಟ್ಟಾಗುತ್ತಿರುವ ಹೆಂಗಸು ಬಸುರಿ ಎಂದು ಯಾರಿಗೆ ಸಂಶಯ ಬರುತ್ತದೆ? ಸಣ್ಣ ಮಗಳಿಗೆ, ಅಮ್ಮನ್ನ ಕಾಗೆ ಮುಟ್ಟಿದೆ, ನೀ ಮುಟ್ಟಬೇಡ ಎಂದು ಅಜ್ಜಿ ಹೇಳಿದ್ದರಂತೆ. ಅವಳು ಶಾಲೆಯಲ್ಲಿ ಕೋಣೆಯೊಳಗೆ ಅಮ್ಮ, ಅಮ್ಮನ ತಲೆಯ ಮೇಲೆ ದೊಡ್ಡ ಕಾಗೆ ಬರೆದು, ಟೀಚರು ಗಾಬರಿಯಾಗಿ ಮನೆಗೆ ಫೋನ್ ಮಾಡಿದ್ದರು. ಇದನ್ನು ಹೇಳುವಾಗ ಮಂದಾ ನಕ್ಕಳು. ನಾನೂ ನಕ್ಕೆ. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ತಿಳಿಹೇಳಲು ನೋಡಿದೆ. ಇಪ್ಪತ್ನಾಲ್ಕು ವಾರದ ತನಕ ಅಡಗಿಕೊಂಡಿರುವ ಅಗತ್ಯವೇ ಇಲ್ಲ, ನಿನ್ನ ಒಪ್ಪಿಗೆಯಿಲ್ಲದೆ ಈ ದೇಶದಲ್ಲಿ ಯಾರೂ ಏನೂ ಮಾಡುವ ಹಾಗಿಲ್ಲ ಎಂದೆ.

"ಹೋದ ಸಲನೂ ನನ್ನ ಒಪ್ಪಿಗಿನೇ ಕೇಳಿದ್ರೆಲ್ಲ ಅಕ್ಕಾ."

ಆ ಗಡಿಯನ್ನು ಇನ್ನೂ ಇಳಿಸಬೇಕು ಎನ್ನುವವರ ಜೊತೆ ನಾನು ವರ್ಷಗಟ್ಟಲೆ ಜಗಳವಾಡಿದ್ದೆ. ತಡವಾಗಿ ಬರುವ ಹೆಂಗಸರ ಕಷ್ಟ ನಿಮಗೇನು ಗೊತ್ತು ಎಂದು ಸಭೆಗಳಲ್ಲಿ ಎದ್ದು ನಿಂತು ಕೇಳಿದ್ದೆ. ಈಗ ನನ್ನೆದುರಿಗೆ ಕೂತವಳಿಗೆ ಅದೇ ಗಡಿ ಕೋಟೆಯಾಗಿತ್ತು. ಅದರೊಳಗೆ ಹೋಗಿ ಸೇರಿಕೊಂಡರೆ ಸಾಕು ಎಂದು ಅವಳು ಓಡುತ್ತಿದ್ದಳು. ತಪಾಸಣೆ ಮಾಡಿದೆ, ಎಲ್ಲ ಸರಿಯಿತ್ತು. ಮನೆಗೆ ಫೋನ್ ಮಾಡುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೋಗುವಾಗ ಕೇಳಿದೆ, "ನಿಮ್ಮ ಅತ್ತಿಗೆ ಗೊತ್ತಾದ್ರ?"

"ಅವರಿಗೆ ಗೊತ್ತಾತಂದ್ರ ಮಗಗ ಹೇಳದ ಇರ್ತಾರೇನ್ರಿ" ಎಂದಳು.

ನಾಲ್ಕು ವಾರ ಕಳೆದು ವೆಂಬ್ಲಿಯಲ್ಲಿ ಸಂಕ್ರಾಂತಿಗೆ ಸೇರಿದೆವು. ಎಳ್ಳು ಬೆಲ್ಲ, ಗದ್ದಲ, ಹಾಲ್ ತುಂಬ ಮಕ್ಕಳು ಇಂಗ್ಲಿಷಿನಲ್ಲಿ ಜಗಳಾಡುತ್ತಿದ್ದವು. ಮಂದಾ ಬಂದಿರಲಿಲ್ಲ. ಕೃಷ್ಣಾಬಾಯಿ ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಬಂದು ಕೂತರು. ಮುಟ್ಟಿಸಿಕೊಳ್ಳದ ಹಾಗೆ ಒಂದು ಗೇಣು ಬಿಟ್ಟು.

"ಡಾಕ್ಟರಬಾಯಿ, ನಿಮ್ಮ ಕಡೆ ಒಂದು ಕೆಲಸ ಇತ್ತು."

"ಹೇಳ್ರಿ."

"ನನ್ನ ವೀಸಾ ಮುಗೀಲಿಕ್ಕೆ ಬಂತು. ಬರೂ ವಾರ ಹೋಗಬೇಕು. ನನ್ನ ಮೊಣಕಾಲು ಭಾಳ ನೋಯ್ತಾವ, ವಿಮಾನದಾಗ ಕೂಡ್ಲಿಕ್ಕೆ ಆಗೂದಿಲ್ಲಂತ ಒಂದು ಚೀಟಿ ಬರಕೊಡ್ರಿ. ಡಾಕ್ಟರ ಚೀಟಿ ಇದ್ರ ಎರಡು ತಿಂಗಳು ಮುಂದ ಹಾಕ್ತಾರಂತ ಯಾರೋ ಹೇಳಿದ್ರು."

ಮೊಣಕಾಲು ಚೆನ್ನಾಗಿಯೇ ಇದ್ದವು. ಹಾಲ್‌ನ ಮೆಟ್ಟಿಲುಗಳನ್ನು ಅವರು ಸರಸರ ಹತ್ತಿ ಬಂದದ್ದನ್ನು ನೋಡಿದ್ದೆ.

"ನಿಮ್ಮ ಮಗನೂ ಡಾಕ್ಟರೇ ಅಲ್ರಿ, ಅವರ ಪರಿಚಯದವರ ಕಡೆ ಬರಸ್ಕೊಳ್ರಿ."

"ಅಂವಗ ಕೇಳೂದು ಬ್ಯಾಡ. ಅಂವಗ ಹೇಳಲೂಬ್ಯಾಡ್ರಿ."

ನನಗೆ ಎಲ್ಲ ಅರ್ಥವಾಯಿತು ಎಂದುಕೊಂಡೆ. ಮನೆಯ ಯಜಮಾನಿಕೆ ಬಿಡಲು ಮನಸ್ಸಿಲ್ಲ, ಸೊಸೆಯನ್ನು ಇನ್ನೆರಡು ತಿಂಗಳು ಬಾಕ್ಸ್ ರೂಮಿಗೆ ಹಾಕಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ಇನ್ನು ಸೊಸೆಯ ಕಾಲ ಬರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಾನು ನಿಮ್ಮ ಡಾಕ್ಟರಲ್ಲ, ಇಲ್ಲದ ನೋವಿಗೆ ಚೀಟಿ ಬರೆಯುವುದು ಅಪರಾಧ ಎಂದು ನಯವಾಗಿ ಹೇಳಿದೆ. ಅದು ನಿಜವೂ ಆಗಿತ್ತು. ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಶ್ರೀಪಾದ ಕಾರಿನ ಕೀಲಿ ಕುಣಿಸುತ್ತ ಬಂದ, "ಏನು ನಡದದ ಇಬ್ಬರದೂ?" ಎಂದ. ಕೃಷ್ಣಾಬಾಯಿ, "ಏನಿಲ್ಲಪಾ, ಎಳ್ಳಿನಾಗ ಕಸ ಭಾಳ ಅದ ಅಂತಿದ್ದೆ" ಎಂದು ಎದ್ದು ಹೋದರು.

ಮುಂದಿನ ವಾರ ಅವರು ವಿಮಾನ ಹತ್ತಿದರು. ಮಂದಾ ಫೋನ್ ಮಾಡಿ ತಿಳಿಸಿದಾಗ ನಾನು, ಪೀಡೆ ಕಳೆಯಿತು ಬಿಡು ಎಂದೆ. ಹಾಗೆಯೇ ಅಂದೆ. ಗಡಿ ದಾಟಲು ಇನ್ನು ನಾಲ್ಕು ವಾರವೂ ಉಳಿದಿರಲಿಲ್ಲ.

ಅತ್ತೆ ಹೋದರು ಎಂದರೆ ಆ ಮನೆಯಲ್ಲಿ ಮಡಿಯೂ ಹೋಯಿತು. ನನಗೆ ಇದು ಹೊಳೆಯಲಿಲ್ಲ, ಮಂದಾಳಿಗೂ ಹೊಳೆಯಲಿಲ್ಲ. ಶ್ರೀಪಾದನಿಗೆ ಮಡಿ ಮೈಲಿಗೆಯಲ್ಲಿ ನಂಬಿಕೆಯೇ ಇರಲಿಲ್ಲ. ತಾಯಿಯ ಎದುರು ಮಾತ್ರ ಪಾಲಿಸುತ್ತಿದ್ದ. ಪರೀಕ್ಷೆ ಹತ್ತಿರ ಬಂದಿದೆ, ಓದಬೇಕು ಎಂದು ರಜೆ ಹಾಕಿ ಮನೆಗೆ ಬಂದ. ಮಂದಾ ಬಾಕ್ಸ್ ರೂಮಿಗೆ ಹೋಗಿ ಕೂತರೆ, ಅವ್ವ ಇಲ್ಲಲ್ಲ, ಇನ್ನೆಂಥ ಹೊರಗೆ ಕೂರೋದು, ಈ ಕಾಲದಲ್ಲಿ ಇದೆಲ್ಲ ಮೂಢನಂಬಿಕೆ ಎಂದು ಕೈ ಹಿಡಿದು ಎಬ್ಬಿಸಿದ. ಏಳುವಾಗ ಅವಳ ಹೊಟ್ಟೆಗೆ ತಾಗಿದ ಕೈಗೆ ಗೊತ್ತಾಯಿತು.

ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಎಲ್ಲ ಸರಿಯಾಗಿದೆಯೋ ನೋಡೋಣ ಎಂದು ಪರಿಚಯದವರೊಬ್ಬರ ಬಳಿ ಸ್ಕ್ಯಾನ್ ಮಾಡಿಸಿದ. ಡಾಕ್ಟರನಿಗೆ ಪರದೆಯನ್ನು ಓದಲು ಯಾರೂ ಹೇಳಿಕೊಡಬೇಕಾಗಿಲ್ಲ. ಹೆಣ್ಣು. ಮರುದಿನ ಮಂದಾಳನ್ನು ಕರೆದುಕೊಂಡು ನಮ್ಮ ಕ್ಲಿನಿಕ್ಕಿಗೆ ಬಂದ. ಗಡಿಗೆ ಹತ್ತು ದಿನ ಉಳಿದಿತ್ತು.

ಮತ್ತೆ ಅದೇ ಕೋಣೆ, ನಾನು, ಅವಳು, ಮುಚ್ಚಿದ ಬಾಗಿಲು. ಅವಳ ಕಣ್ಣು ಊದಿದ್ದವು.

"ಮಂದಾ, ನಿನಗೇನು ಬೇಕು?"

"ನನಗ ನಿದ್ದಿ ಬೇಕಾಗ್ಯದ ಅಕ್ಕಾ. ಎರಡು ದಿನ ಆತು ಮಲಗಿಲ್ಲ. ಅವರು ಕುಂತು ಅಳ್ತಾರ. ನಾನೇ ಸಮಾಧಾನ ಮಾಡಬೇಕಾಗ್ಯದ."

ನಾನು ಕಾಗದ ಮುಟ್ಟಲಿಲ್ಲ. ತೆಗೆಸುವುದಿಲ್ಲ ಎಂದು ನೀನು ಹೇಳಬೇಕಾಗಿಲ್ಲ, ಡಾಕ್ಟರೇ ಒಪ್ಪಲಿಲ್ಲ ಎಂದಾಗಲಿ ಎಂದು ಅವಳಿಗೆ ಹೇಳಿ ಹೊರಗೆ ಬಂದೆ. ಯಾವ ಅಧಿಕಾರ ಡಾಕ್ಟರಿಗೆ ಇರಬಾರದು ಎಂದು ಇಷ್ಟು ವರ್ಷ ಕೂಗಾಡಿದ್ದೆನೋ ಅದೇ ಅಧಿಕಾರವನ್ನು ಆ ದಿನ ಎರಡೂ ಕೈಯಿಂದ ಹಿಡಿದುಕೊಂಡೆ. ಶ್ರೀಪಾದನಿಗೆ, ಇದಕ್ಕೆ ಕಾನೂನಿನ ಆಧಾರ ಇದೆಯೆಂದು ನನ್ನ ಅಭಿಪ್ರಾಯವಿಲ್ಲ, ಸಹಿ ಮಾಡುವುದಿಲ್ಲ ಎಂದೆ.

"ಅಕ್ಕಾ, ಅಕಿನೇ ಕೂಸು ಬ್ಯಾಡ ಅಂತಾಳ. ಬೇಕಾದ್ರ ಕೇಳ್ರಿ."

"ಕೇಳೀನಿ."

ಅವನು ದನಿ ಏರಿಸಲಿಲ್ಲ. "ವೆಂಬ್ಲಿಯೊಳಗ ಚಾಯ್ಸ್ ಚಾಯ್ಸ್ ಅಂತ ಭಾಷಣಾ ಮಾಡ್ತೀರಿ. ಈಗ ಅಕಿ ಚಾಯ್ಸ್ ಎಲ್ಲಿ ಹೋತು?"

ಮಂದಾಳ ಕೈಗೆ ಹೆಂಗಸರಿಗೆ ಆಸರೆ ಕೊಡುವ ಜಾಗದ ನಂಬರು ಕೊಟ್ಟೆ, ಇವತ್ತು ಮನೆಗೆ ಹೋಗಬೇಡ ಎಂದೆ. ಮೂರು ಗಂಟೆಗೆ ಶಾಲೆ ಬಿಡುತ್ತದೆ, ಹುಡುಗಿಯರು ಗೇಟಿನಲ್ಲಿ ಕಾಯುತ್ತಾರೆ ಎಂದು ಹೇಳಿ ಅವಳು ಅವನ ಹಿಂದೆಯೇ ಹೋದಳು.

ಸಿಸ್ಟರ್ ಬ್ರಿಜೆಟ್ ಬಾಗಿಲಲ್ಲಿ ನಿಂತಿದ್ದರು. "ಇವತ್ತು ನೀವೂ ನನ್ನ ಕಡೆಗೆ ಬಂದಿರಿ, ಡಾಕ್ಟರ್" ಎಂದರು.

"ಇಲ್ಲ ಸಿಸ್ಟರ್. ನೀವು ಎಲ್ಲರಿಗೂ ಬೇಡ ಅನ್ನುತ್ತೀರಿ. ನಾನು ಇವಳೊಬ್ಬಳಿಗಾಗಿ ಬೇಡ ಅಂದೆ."

"ಅವಳಿಗೆ ಆ ವ್ಯತ್ಯಾಸದಿಂದ ಏನೂ ಆಗಬೇಕಾಗಿಲ್ಲ" ಎಂದು ಅವರು ಚಹಾ ಮಾಡಲು ಹೋದರು.

ಲಂಡನ್ನಿನಲ್ಲಿ ನಾನೊಬ್ಬಳೇ ಡಾಕ್ಟರಲ್ಲ. ಒಂದು ವಾರವಾದ ಮೇಲೆ ಮಂದಾ ಫೋನ್ ಮಾಡಿ, "ಆತು ಅಕ್ಕಾ" ಎಂದಳು. ಖಾಸಗಿ ಕ್ಲಿನಿಕ್ಕಿನಲ್ಲಿ. ಅಲ್ಲಿಯೂ ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಿದ್ದರು, ಅವಳು ಹೌದೆಂದಿದ್ದಳು. ಯಾರೂ ಕಾನೂನು ಮುರಿದಿರಲಿಲ್ಲ. ಫೋನಿಟ್ಟು ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಗಂಡ ಕುಕ್ಕರು ಆರಿಸಿ ಪಕ್ಕದಲ್ಲಿ ಕೂತ. ರೋಗಿಯ ಗುಟ್ಟು, ಏನಾಯಿತು ಎಂದು ಅವನು ಕೇಳುವ ಹಾಗಿಲ್ಲ, ನಾನು ಹೇಳುವ ಹಾಗಿಲ್ಲ.

ಅದಾದ ಮೇಲೂ ಹತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದೆ, ಬೇಡವೆಂದು ಬಂದವರಿಗೆ ಮೊದಲಿನಂತೆಯೇ ಸಹಿ ಹಾಕಿದೆ. ಉತ್ತರ ಲಂಡನ್ನಿನ ಕೊಲಿಂಡೇಲ್‌ನಲ್ಲಿ ಬಾಡಿಗೆಗಿದ್ದ ನಮ್ಮ ಕಡೆಯ ಹುಡುಗಿಯೊಬ್ಬಳು, ವೀಸಾ, ಕೆಲಸ, ಬಿಟ್ಟುಹೋದ ಗೆಳೆಯ, ಎಲ್ಲವನ್ನೂ ನಡುಗುತ್ತ ವಿವರಿಸಲು ತೊಡಗಿದಾಗ, ನನಗೆ ಕಾರಣ ಹೇಳಬೇಕಾಗಿಲ್ಲ ತಂಗಿ, ಕಾನೂನಿಗೆ ಎಷ್ಟು ಬೇಕೋ ಅಷ್ಟನ್ನು ನಾನು ಬರೆದುಕೊಳ್ಳುತ್ತೇನೆ ಎಂದೆ. ಮಂದಾಳ ಕಥೆ ಕೇಳಿ ಕಾನೂನು ಇನ್ನೂ ಬಿಗಿಯಾಗಬೇಕು ಎನ್ನುವವರಿದ್ದಾರೆ. ಬಿಗಿಯಾಗಿದ್ದರೆ ಆ ಹುಡುಗಿ ಎಲ್ಲಿಗೆ ಹೋಗಬೇಕಿತ್ತು? ಎರಡು ಸಾವಿರದ ಇಸವಿಯ ನಂತರ ನಮಗೆ ಹೊಸ ತರಬೇತಿಗಳು ಬಂದವು. ಮನೆಯಲ್ಲಿ ಒತ್ತಡ ಇದೆಯೇ ಎಂದು ಕೇಳುವ ಪ್ರಶ್ನೆಗಳನ್ನು ಅಚ್ಚು ಹಾಕಿಸಿ ಕೊಟ್ಟರು. ಏಷ್ಯಾದ ಕುಟುಂಬ ಎಂದರೆ ಅತ್ತೆಯ ಬಗ್ಗೆ ಎಚ್ಚರವಿರಲಿ ಎಂದು ಹೇಳಿಕೊಡುತ್ತಿದ್ದರು. ನಾನು ಕೈ ಎತ್ತಿ, ಇಂಗ್ಲಿಷ್ ಚೆನ್ನಾಗಿ ಮಾತಾಡುವ ಗಂಡನ ಬಗ್ಗೆಯೂ ಇರಲಿ ಎನ್ನುತ್ತಿದ್ದೆ. ಹೊಸಬರಿಗೆ ನಾನು ಕೊಡಬಲ್ಲ ಬುದ್ಧಿಮಾತು ಅಷ್ಟೇ. ನಿಮ್ಮ ಹಾಗೆ ಓದಿದವನು, ನಿಮ್ಮ ಹಾಗೆ ಮಾತಾಡುವವನು ಬಂದರೆ ಅವನಿಗೆ ಸ್ಟಾಫ್ ರೂಮಿನಲ್ಲಿ ಚಹಾ ಕೊಡಬೇಡಿ.

ನಿವೃತ್ತಿಗೆ ಒಂದು ವರ್ಷ ಇದ್ದಾಗ ಮಂದಾ ಮನೆಗೆ ಕರೆದಳು, ದೊಡ್ಡ ಮಗಳು ಯೂನಿವರ್ಸಿಟಿಗೆ ಹೊರಟಿದ್ದಳು. ಅಷ್ಟು ಹೊತ್ತಿಗೆ ಮಂದಾ, ಶ್ರೀಪಾದ ಬೇರೆಯಾಗಿದ್ದರು. ಅವನು ಇಂಗ್ಲೆಂಡಿನ ಉತ್ತರದಲ್ಲಿ ದೊಡ್ಡ ಡಾಕ್ಟರು. ಮಂದಾ ಶಾಲೆಯೊಂದರಲ್ಲಿ ಸಹಾಯಕ ಟೀಚರು, ಅದೇ ಇಲ್ಫರ್ಡಿನ ಮನೆ. ಒಳಗೆ ಹೋದರೆ ಸೋಫಾದ ಮೇಲೆ ಕೃಷ್ಣಾಬಾಯಿ. ಮಗನ ಮನೆಗೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ಬಂದರೆ ಸೊಸೆಯ ಬಳಿಯೇ ಇರುತ್ತಾರೆ ಎಂದು ಮಂದಾ ಹೇಳಿದಳು. ಮುದುಕಿ ಬಹಳ ಬತ್ತಿದ್ದರು, ನನ್ನನ್ನು ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಮಂದಾ ಕಾಫಿ ತರಲು ಒಳಗೆ ಹೋದಳು.

"ಡಾಕ್ಟರಬಾಯಿ, ಆವತ್ತ ನಾ ಚೀಟಿ ಕೇಳಿದ್ದು ಮೊಣಕಾಲಿಗಲ್ಲ."

"ಮತ್ತ?"

"ಅಕಿ ಬಸುರಿ ಇದ್ಲು. ನನಗ ಗೊತ್ತಿತ್ತು. ತಾಟು ತೊಗೊಳ್ಳಿಕ್ಕೆ ಬಗ್ಗೂದು ನೋಡಿದ್ರ ತಿಳಿಯೂದಿಲ್ಲೇನು, ಐದು ಹಡದೀನಿ ನಾನು. ಹಿಂದಿನ ವರ್ಷದ್ದೂ ತಾನಾಗೇ ಇಳದದ್ದಲ್ಲ ಅಂತ ಅಕಿ ಮಾರಿ ನೋಡೇ ಗೊತ್ತಾಗಿತ್ತು. ನಾ ಮನಿಯೊಳಗ ಇರೂತನಕ ಶ್ರೀಪಾದ ಆ ಖೋಲಿ ಹೊಸ್ತಿಲಾ ದಾಟೂದಿಲ್ಲ. ಅದಕ್ಕ ಸುಮ್ನ ತಾಟು ಸರಿಸ್ಕೋತ ಇದ್ದೆ. ಇನ್ನೆರಡು ತಿಂಗಳು ಇರಬೇಕಾಗಿತ್ತು ನಾನು."

"ಆವತ್ತೇ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ? ಅಕಿ ಮುಚ್ಚಿಟ್ಟದ್ದನ್ನ ಹೊರಗಿನವರ ಮುಂದ ನಾ ಬಿಚ್ಚಲೇನು? ನೀವು ಶ್ರೀಪಾದನ ಕಡೆಯವರು. ನಿಮಗ ಗೊತ್ತಿರಲಿಲ್ಲ."

"ನನಗ ಗೊತ್ತಿತ್ತು" ಎಂದೆ.

ಕಾಫಿ ಲೋಟಗಳ ತಟ್ಟೆ ಹಿಡಿದು ಮಂದಾ ಬಾಗಿಲಲ್ಲಿ ಬಂದು ನಿಂತಿದ್ದಳು. ಕೃಷ್ಣಾಬಾಯಿ ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಹಿಡಿದಿದ್ದ ನನ್ನ ಕೈಯನ್ನು ಮೆಲ್ಲಗೆ ಬಿಟ್ಟರು.

"ಗೊತ್ತಿತ್ತೇನು" ಎಂದರು. "ಒಂದೇ ಬೆಂಚಿನ ಮ್ಯಾಲೆ ಕುಂತಿದ್ವೆಲ್ಲ ಡಾಕ್ಟರಬಾಯಿ, ಇಬ್ರೂ."